ಮಾತ್ರೆಯ ಜೊತೆ ಕುಡಿದ ನೀರು

ದೊರಾಲಿಸಾಳ ಮನೆಯಲ್ಲಿ ಬೆಳಿಗ್ಗೆ ಎದ್ದವರು ಮೊದಲು ಕುಡಿಯಬೇಕಾದದ್ದು ಮೆಗ್ನೀಸಿಯಂ ನೀರು. ಕಾಫಿ ಆಮೇಲೆ, ಬ್ರೆಡ್ಡು ಆಮೇಲೆ, ಜಗಳವಾಡುವುದಿದ್ದರೆ ಅದೂ ಆಮೇಲೆ. ಸಂತೆಯಲ್ಲಿ ಪೊಟ್ಟಣ ಕಟ್ಟಿ ಮಾರುವ ಬಿಳಿ ಪುಡಿಯನ್ನು ಕುದಿಸಿ ಆರಿಸಿದ ನೀರಿಗೆ ಹಾಕಿ, ಮರದ ಸೌಟಿನಿಂದ ಕದಡಿ, ಗಾಜಿನ ಸೀಸೆಗೆ ತುಂಬಿಡಬೇಕು. ಲೋಹದ ಚಮಚ ತಾಗಿದರೆ ಸತ್ವವೆಲ್ಲ ಹೋಯಿತು ಎಂದು ಅವಳ ನಂಬಿಕೆ. ಅರೆಕಿಪಾದ ಅರ್ಧ ಊರಿಗೆ ಈ ನಂಬಿಕೆ ಇದೆಯೆನ್ನಿ, ಆದರೆ ದೊರಾಲಿಸಾಳಷ್ಟು ಗಟ್ಟಿಯಾಗಿ ಯಾರಿಗೂ ಇರಲಿಲ್ಲ. ಮಂಡಿನೋವಿಗೆ ಅದೇ ನೀರು, ನಿದ್ದೆ ಬಾರದಿದ್ದರೆ ಅದೇ ನೀರು, ಮಲ ಕಟ್ಟಿಕೊಂಡರೂ ಅದೇ ನೀರು. ಗಂಡ ಎದುರು ಮಾತಾಡಿದರೆ ಅವನಿಗೆ ಒಂದು ಲೋಟ ಹೆಚ್ಚು.

ಬಿಳಿಕಲ್ಲಿನ ಗೋಡೆಯ ಅವಳ ಸಣ್ಣ ಖಾನಾವಳಿಗೆ ಬರುವ ಗಿರಾಕಿಗಳೂ ಈ ನೀರಿಗೆ ಹಕ್ಕುದಾರರು. ಊಟಕ್ಕೆ ದುಡ್ಡು, ನೀರು ಪುಕ್ಕಟೆ. ಓಣಿಯ ಹೆಂಗಸರು ಸೀಸೆ ಹಿಡಿದು ಬಂದು ತುಂಬಿಸಿಕೊಂಡು ಹೋಗುತ್ತಿದ್ದರು. "ದೊರಾ, ನಿನ್ನ ಕೈಗುಣ ದೊಡ್ಡದು ಕಣೆ," ಎಂದು ರೂಫಿನಾ ಹೇಳಿದಾಗಲೆಲ್ಲ ದೊರಾಲಿಸಾಳ ಎದೆ ಅರ್ಧ ಅಂಗುಲ ಉಬ್ಬುತ್ತಿತ್ತು. ರೂಫಿನಾ ಪಕ್ಕದ ಓಣಿಯವಳು. ದೊರಾಲಿಸಾಳ ಮಗ ವಿಲ್ಬೆರನ ಜ್ಞಾನಸ್ನಾನದ ದಿನ ಧರ್ಮತಾಯಿಯಾಗಿ ಅವನನ್ನು ಎತ್ತಿಕೊಂಡು ನಿಂತವಳು. ಅವಳು ಒಪ್ಪಿದರೆ ಓಣಿಯೇ ಒಪ್ಪಿದ ಹಾಗೆ.

ಒಪ್ಪದವಳು ಒಬ್ಬಳೇ, ಅವಳೂ ಮನೆಯೊಳಗೇ ಇದ್ದಳು. ಸೊಸೆ ಯಾನೆತ್.

ಯಾನೆತ್ ಮೂಲೆಯ ಔಷಧಿ ಅಂಗಡಿಯಲ್ಲಿ ಕಿಟಕಿಯ ಹಿಂದೆ ನಿಂತು ಮಾತ್ರೆ ಕೊಡುವವಳು. ಅದಕ್ಕೆಂದೇ ಓದಿ ಸರ್ಟಿಫಿಕೇಟು ತೆಗೆದುಕೊಂಡಿದ್ದಳು. ಗಂಡ ವಿಲ್ಬೆರ್ ಬಾಡಿಗೆ ವ್ಯಾನು ಓಡಿಸುತ್ತಾನೆ. ಮದುವೆಯಾಗಿ ಈ ಮನೆಗೆ ಬಂದ ಮೊದಲ ಬೆಳಿಗ್ಗೆಯೇ ಅವಳು ಆ ನೀರನ್ನು ಬಾಯಿಗಿಟ್ಟು ಮುಖ ಕಿವುಚಿದ್ದಳು.

"ಕಹಿ ಅತ್ತೆ. ಖಾಲಿ ಹೊಟ್ಟೇಲಿ ವಾಂತಿ ಬಂದ ಹಾಗಾಗತ್ತೆ."

"ನಿನ್ ಮಾವ ಕುಡಿತಾರೆ, ನಿನ್ ಗಂಡ ಕುಡಿತಾನೆ. ನಿಂದೇನು ರಾಜಕುಮಾರಿ ನಾಲಿಗೆನಾ?"

ಆಮೇಲೆ ಯಾನೆತ್ ಎದುರು ಮಾತಾಡಲಿಲ್ಲ. ಲೋಟ ಎತ್ತಿಕೊಂಡು ಅಂಗಳಕ್ಕೆ ಹೋಗುವಳು, ಖಾಲಿ ಲೋಟ ತಂದಿಡುವಳು. ಸೊಸೆ ದಾರಿಗೆ ಬಂದಳೆಂದು ದೊರಾಲಿಸಾ ಹಿಗ್ಗಿದಳು. ಹಿಗ್ಗು ಎಷ್ಟು ದಿನ? ಅಂಗಳದ ಕುಂಡದಲ್ಲಿ ಅವಳು ತಾನೇ ನೆಟ್ಟು ಬೆಳೆಸಿದ ಕೆಂಪು ಜೆರೇನಿಯಂ ದಿನದಿಂದ ದಿನಕ್ಕೆ ಒಣಗತೊಡಗಿತು. ಯಾಕಪ್ಪಾ ಎಂದು ಒಂದು ಬೆಳಿಗ್ಗೆ ಬಾಗಿಲ ಸಂದಿನಿಂದ ಇಣುಕಿದರೆ, ಸೊಸೆ ಲೋಟವನ್ನು ಕುಂಡಕ್ಕೆ ಬಗ್ಗಿಸುತ್ತಿದ್ದಾಳೆ!

"ಗಿಡ ಕೊಂದ್ಯಲ್ಲೇ ಪಾಪಿ!"

"ನಾನಲ್ಲ ಅತ್ತೆ, ನಿಮ್ಮ ನೀರು," ಎಂದಳು ಯಾನೆತ್.

ಕಾಫಿ ಕುಡಿಯುತ್ತಿದ್ದ ಮಾವ ಫೆರ್ಮಿನನಿಗೆ ನಗು ತಡೆಯಲಾಗದೆ ಬಾಯಲ್ಲಿದ್ದ ಬ್ರೆಡ್ಡು ಮೇಜಿನ ತುಂಬ ಹಾರಿತು. ವಿಲ್ಬೆರನೂ ನಕ್ಕ. ಸೊಸೆ ಚೆಲ್ಲಿದ್ದನ್ನಾದರೂ ದೊರಾಲಿಸಾ ಮರೆಯುತ್ತಿದ್ದಳೇನೋ, ಇಬ್ಬರು ಗಂಡಸರು ನಕ್ಕದ್ದನ್ನು ಮರೆಯಲಿಲ್ಲ. ಅವತ್ತಿನಿಂದ ಅತ್ತೆ ಸೊಸೆಗೆ ಮಾತಿಲ್ಲ. ಒಂದೇ ಅಡುಗೆಮನೆ, ಒಂದೇ ಒಲೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಸೊಸೆ ನಿಂತಿದ್ದರೂ ದೊರಾಲಿಸಾ ಕೂಗುತ್ತಿದ್ದಳು: "ವಿಲ್ಬೆರ್! ಈರುಳ್ಳಿ ಮುಗಿದಿದೆ ಅಂತ ನಿನ್ನ ಹೆಂಡ್ತಿಗೆ ಹೇಳು." ಸೊಸೆಯೂ ಕಡಿಮೆಯವಳಲ್ಲ. "ತರ್ತೀನಿ ಅಂತ ನಿಮ್ಮಮ್ಮಂಗೆ ಹೇಳು," ಎನ್ನುವಳು. ವಿಲ್ಬೆರ್ ಇಬ್ಬರ ನಡುವೆ ಕೂತು ಸೂಪು ಹೀರುತ್ತಿದ್ದ.

ಇಂಥ ದಿನಗಳಲ್ಲೇ ಫೆರ್ಮಿನನಿಗೆ ಉರಿಮೂತ್ರ ಹಿಡಿದುಕೊಂಡಿತು. ಜೀವಮಾನವೆಲ್ಲ ಕ್ವಾರಿಯಲ್ಲಿ ಬಿಳಿಕಲ್ಲು ಕಡಿದ ಮನುಷ್ಯ, ನೋವನ್ನು ಹೇಳಿಕೊಂಡು ಅಭ್ಯಾಸವಿಲ್ಲ. ಅಂಗಳದಾಚೆಯ ಪಾಯಿಖಾನೆಗೆ ಹೋದವನು ಹೊರಗೇ ಬರುವುದಿಲ್ಲವೆಂದು ದೊರಾಲಿಸಾ ಬಾಗಿಲು ಬಡಿದ ಮೇಲೆ ಬಾಯಿಬಿಟ್ಟ. ಬಡಾವಣೆಯ ಆರೋಗ್ಯ ಕೇಂದ್ರದ ಡಾಕ್ಟರು ನೋಡಿ, ಮೂತ್ರದ ದಾರಿಯಲ್ಲಿ ಸೋಂಕು ಎಂದು ಆಂಟಿಬಯೋಟಿಕ್ ಬರೆದುಕೊಟ್ಟರು.

"ಬೇರೆ ಏನಾದ್ರೂ ಔಷಧಿ ತಗೊಳ್ತೀರಾ?"

"ಏನೂ ಇಲ್ಲ ಡಾಕ್ಟ್ರೇ," ಎಂದ ಫೆರ್ಮಿನ್. ಪಕ್ಕದಲ್ಲಿ ಕೂತಿದ್ದ ದೊರಾಲಿಸಾಳೂ ಹೌದೆಂದು ತಲೆಯಾಡಿಸಿದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮೆಗ್ನೀಸಿಯಂ ನೀರು ಔಷಧಿಯೆಂದು ಯಾರಿಗೆ ಹೊಳೆಯಬೇಕು? ಅಡುಗೆಮನೆಯ ಕಪಾಟಿನಲ್ಲಿ ಉಪ್ಪಿನ ಪಕ್ಕ ಕೂರುವ ವಸ್ತು ಅದು. ದಿನಾ ಉಪ್ಪು ತಿನ್ನುತ್ತೇನೆಂದು ಡಾಕ್ಟರಿಗೆ ಹೇಳುತ್ತೇವೆಯೆ?

ಮಾತ್ರೆಗಳನ್ನು ಯಾನೆತ್ ತನ್ನ ಅಂಗಡಿಯಿಂದ ತಂದಳು. ಆ ಅಂಗಡಿಯಲ್ಲಿ ಅವಳಿಗೊಂದು ಅಡ್ಡಹೆಸರಿತ್ತು: 'ಜೊತೆಗೇನು'. ಯಾರು ಏನೇ ಕೊಂಡರೂ ಅವಳು ಬಿಡುತ್ತಿರಲಿಲ್ಲ, "ಇದರ ಜೊತೆ ಬೇರೆ ಏನಾದ್ರೂ ತಗೊಳ್ತಾ ಇದೀರಾ?" ಎಂದು ಕೇಳಿಯೇ ಕೇಳುವಳು. ತಲೆನೋವಿನ ಮಾತ್ರೆಗೆ ಬಂದವನಿಗೂ ಅದೇ ಪ್ರಶ್ನೆ. "ಜೊತೆಗೆ ನಿನ್ನ ಅತ್ತೆಯ ಹಂದಿಮಾಂಸದ ಅದೋಬೊ ತಗೊಳ್ತೀನಿ ತಾಯಿ," ಎಂದು ಗಿರಾಕಿಗಳು ತಮಾಷೆ ಮಾಡುತ್ತಿದ್ದರು. ಅಷ್ಟು ಜನರನ್ನು ಕೇಳುತ್ತಿದ್ದವಳು ತನ್ನ ಮನೆಯಲ್ಲಿ ಮಾತ್ರ ಕೇಳಲಿಲ್ಲ. ಮಾತ್ರೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಉಪ್ಪಿನ ಭರಣಿಯ ಕಡೆ ಮುಖ ಮಾಡಿ, "ಬೆಳಿಗ್ಗೆ ಒಂದು, ರಾತ್ರಿ ಒಂದು," ಎಂದಷ್ಟೇ ಹೇಳಿ ಹೋದಳು. ದೊರಾಲಿಸಾಳೂ ಕೇಳಲಿಲ್ಲ. ಓಣಿಯವರೆಲ್ಲ ಔಷಧಿಯ ಮಾತು ಕೇಳಲು ಅವಳ ಸೊಸೆಯ ಹತ್ತಿರ ಹೋಗುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆ ಹುಟ್ಟಿದ ಮಾತಲ್ಲ. ಡಬ್ಬಿಯೊಳಗಿದ್ದ ಚೀಟಿಯನ್ನು ಅವಳು ಒಲೆ ಹೊತ್ತಿಸಲು ಬಳಸಿದಳು.

ಮೊದಲ ಮಾತ್ರೆಗೇ ಫೆರ್ಮಿನ್ ಹೊಟ್ಟೆ ಉರಿ ಎಂದ.

"ಬರೀ ನೀರಲ್ಲಿ ನುಂಗಿದ್ರೆ ಉರಿಯದೆ ಇನ್ನೇನು? ಇಗೋ, ಇದರಲ್ಲಿ ನುಂಗು," ಎಂದು ದೊರಾಲಿಸಾ ಗಾಜಿನ ಸೀಸೆಯಿಂದ ಲೋಟಕ್ಕೆ ಬಗ್ಗಿಸಿದಳು. "ಅವಳ ಮಾತ್ರೆ, ನನ್ನ ನೀರು. ಯಾವುದು ವಾಸಿ ಮಾಡತ್ತೋ ನೋಡೇಬಿಡಣ."

ಆಮೇಲೆ ಪ್ರತಿ ಮಾತ್ರೆಯೂ ಆ ನೀರಿನಲ್ಲೇ ಒಳಗೆ ಹೋಯಿತು. ಹೊಟ್ಟೆಯ ಉರಿ ನಿಂತಿತು. ಉರಿಮೂತ್ರ ನಿಲ್ಲಲಿಲ್ಲ. ವಾರ ಕಳೆಯುವಷ್ಟರಲ್ಲಿ ಬೆನ್ನಿನಲ್ಲಿ ನೋವು ಕಾಣಿಸಿಕೊಂಡಿತು. ಇನ್ನೂ ಒಂದು ಡಬ್ಬಿ ಬಂತು. ಅದೂ ಅದೇ ದಾರಿ ಹಿಡಿಯಿತು. ಫೆರ್ಮಿನ್ ಊಟ ಬಿಟ್ಟ, ಒಲೆಯ ಪಕ್ಕ ಕಂಬಳಿ ಹೊದ್ದು ಕೂತ. ಹಂದಿಮಾಂಸವನ್ನು ಮೆಕ್ಕೆಜೋಳದ ಹೆಂಡವಾದ ಚಿಚಾದ ಗಸಿಯಲ್ಲಿ ನೆನೆಸಿ ಮಣ್ಣಿನ ಮಡಕೆಯಲ್ಲಿ ಅದೋಬೊ ಇಡುವ ಶನಿವಾರ ಸಂಜೆ, ಹೆಂಡತಿಯ ಕೈಯಿಂದ ಸೌಟು ಇಸಕೊಂಡು ರುಚಿ ನೋಡುವುದು ಅವನ ಹಕ್ಕಾಗಿತ್ತು. ಆ ಶನಿವಾರ ಸೌಟನ್ನು ಬಾಯಿಯ ತನಕ ತಂದವನು ಹಲ್ಲು ಕಟಕಟ ಎನ್ನುತ್ತ ಕೆಳಗಿಟ್ಟ.

ಭಾನುವಾರ ಬೆಳಿಗ್ಗೆ ಅರೆಕಿಪಾದಲ್ಲಿ ಅದೋಬೊ ತಿನ್ನದ ಮನೆ ಇಲ್ಲ. ಚರ್ಚಿನಲ್ಲಿ ಪೂಜೆ ಮುಗಿಸಿ ಬಂದವರು, ಶನಿವಾರದ ಕುಡಿತ ಇಳಿಯದವರು, ಎಲ್ಲರೂ ದೊರಾಲಿಸಾಳ ಬೆಂಚುಗಳ ಮೇಲೆ ಒತ್ತೊತ್ತಾಗಿ ಕೂತಿದ್ದರು. ಯಾನೆತ್ ಬ್ರೆಡ್ಡು ಹಂಚುತ್ತಿದ್ದಳು. ವಿಲ್ಬೆರ್ ಗೋಡೆ ಬದಿಯಲ್ಲಿ ತಿನ್ನುತ್ತ ಕೂತಿದ್ದ.

"ಎಲ್ಲಿ ದೊರಾ, ಯಜಮಾನ್ರು ಕಾಣ್ತಿಲ್ಲ?" ಎಂದಳು ರೂಫಿನಾ.

ರಾತ್ರಿಯಿಡೀ ನಿದ್ದೆಗೆಟ್ಟಿದ್ದ ದೊರಾಲಿಸಾಳಿಗೆ ಅಷ್ಟು ಸಾಕಾಯಿತು.

"ಒಳಗೆ ನಡುಗ್ತಾ ಬಿದ್ದಿದಾರೆ. ನಮ್ಮನೆ ಔಷಧಿ ಅಂಗಡಿ ಮಹಾರಾಣಿ ತಂದ ಮಾತ್ರೆ ನುಂಗಿ ನುಂಗಿ."

ಬ್ರೆಡ್ಡಿನ ಬುಟ್ಟಿ ಅಲ್ಲೇ ನಿಂತಿತು. "ಅತ್ತೆ, ಮಾತು ನೋಡ್ಕೊಂಡು ಆಡಿ. ಜನ ಇದಾರೆ," ಎಂದಳು ಯಾನೆತ್. ಎಷ್ಟೋ ದಿನಗಳ ಮೇಲೆ ಅತ್ತೆಗೆ ನೇರವಾಗಿ ಆಡಿದ ಮೊದಲ ಮಾತು.

"ಇರ್ಲಿ! ಕೇಳ್ಲಿ! ಎರಡನೇ ಡಬ್ಬಿ ಮುಗೀತಾ ಬಂದ್ರೂ ಗುಣ ಇಲ್ಲ ಅಂದ್ರೆ ಅದು ಮಾತ್ರೆನಾ, ಸೀಮೆಸುಣ್ಣನಾ? ನಕಲಿ ಮಾಲು ಅಗ್ಗಕ್ಕೆ ತಂದು ಮಾವನ ಹೊಟ್ಟೆಗೆ ಹಾಕಿದ್ಲು. ಸ್ವಂತ ಮಾವಂಗೇ ಹೀಗೆ, ಇನ್ನು ನಿಮಗೆಲ್ಲ ಏನು ಕೊಡ್ತಾಳೋ ದೇವರೇ ಬಲ್ಲ!"

ಯಾನೆತ್ ಗಂಡನ ಕಡೆ ನೋಡಿದಳು. ವಿಲ್ಬೆರ್ ಬ್ರೆಡ್ಡನ್ನು ಅದೋಬೊದ ರಸಕ್ಕೆ ಅದ್ದುತ್ತಿದ್ದ. ಅದ್ದಿದ, ತಿರುವಿ ಮತ್ತೆ ಅದ್ದಿದ, ತಲೆ ಎತ್ತಲಿಲ್ಲ. ಅವಳು ಏಪ್ರನ್ನು ಬಿಚ್ಚಿ ಗೂಟಕ್ಕೆ ನೇತುಹಾಕಿದಳು.

"ನನ್ನ ಮೇಲಿನ ಸಿಟ್ಟಿಗೆ ಮಾವನ್ನ ಮನೇಲಿ ಇಟ್ಕೋಬೇಡಿ. ಈಗ್ಲೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ," ಎಂದು ಹೇಳಿ, ಬೆಂಚುಗಳ ನಡುವೆ ದಾರಿ ಮಾಡಿಕೊಂಡು ಹೊರಗೆ ನಡೆದಳು. ತವರಿನವರು ಊರ ಆಚೆ ಬದಿಯಲ್ಲಿದ್ದರು. ಅಲ್ಲಿಗೆ ಹೋದವಳು ತಿರುಗಿ ಬರಲಿಲ್ಲ.

ಫೆರ್ಮಿನನನ್ನು ಅವತ್ತೇ ಆಸ್ಪತ್ರೆಗೆ ಸೇರಿಸಿದರು. ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ಮೊದಲ ದಿನಗಳಲ್ಲಿ ಅವನು ಹೆಂಡತಿಯನ್ನು ಗುರುತಿಸದೆ, ಕ್ವಾರಿಯ ಮೇಸ್ತ್ರಿಯೆಂದು ತಿಳಿದು ಕೂಲಿ ಕೇಳಿದ. ದೊರಾಲಿಸಾ ಅವನ ಕಾಲು ಒತ್ತುತ್ತ, ಮೂಗು ಒರೆಸಿಕೊಳ್ಳುತ್ತ, ಸೊಸೆಯನ್ನು ಶಪಿಸುತ್ತ ಕೂತಳು. ಆ ಸೊಸೆ ಮಾತ್ರ ಪ್ರತಿ ಸಂಜೆ ಕೆಲಸ ಮುಗಿಸಿ, ಅಂಗಡಿಯ ಬಿಳಿ ಅಂಗಿಯಲ್ಲೇ, ಫ್ಲಾಸ್ಕಿನಲ್ಲಿ ಕೋಳಿಸಾರು ಹಿಡಿದು ಬರುತ್ತಿದ್ದಳು. ಮಂಚದ ಆಚೆ ಬದಿ ನಿಂತು ಮಾವನಿಗೆ ಕುಡಿಸುವಳು, ಬಾಯಿ ಒರೆಸುವಳು, ಹೋಗುವಳು. ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಜ್ವರ ಇಳಿದು ಫೆರ್ಮಿನ್ ಎದ್ದು ಕೂತ ಸಂಜೆ ವಾರ್ಡಿನ ಡಾಕ್ಟರಮ್ಮ ಕಾಗದ ಹಿಡಿದು ಬಂದಳು.

"ಒಂದು ಅರ್ಥ ಆಗ್ತಿಲ್ಲ," ಎಂದಳು. "ನಿಮ್ಮ ಮೂತ್ರದಲ್ಲಿ ಸಿಕ್ಕಿದ ಕ್ರಿಮಿಗೆ ಮೊದಲು ಕೊಟ್ಟ ಮಾತ್ರೆನೇ ಸರಿಯಾದ ಮಾತ್ರೆ. ಅದು ಸಾಯ್ಬೇಕಿತ್ತು. ಯಾಕೆ ಸಾಯ್ಲಿಲ್ಲ?"

ದೊರಾಲಿಸಾ ಕಾದಿದ್ದವಳಂತೆ ಎದ್ದಳು. "ನಕಲಿ ಮಾತ್ರೆ ಆದ್ರೆ ಡಾಕ್ಟ್ರಮ್ಮ?"

"ಆಗಿರಬಹುದು. ಉಳಿದಿದ್ರೆ ತನ್ನಿ."

"ಅರ್ಧ ಪಟ್ಟಿ ಮನೇಲಿದೆ," ಎಂದಳು ಯಾನೆತ್, ಮಂಚದ ಆಚೆಯಿಂದ. "ದಯವಿಟ್ಟು ಪರೀಕ್ಷೆಗೆ ಕಳಿಸಿ. ನಂಗೂ ಗೊತ್ತಾಗ್ಬೇಕು." ಅವಳ ದನಿಯಲ್ಲಿ ಅಳುಕಿರಲಿಲ್ಲ. ದೊರಾಲಿಸಾಳಿಗೆ ಅದು ಸೇರಲಿಲ್ಲ.

ಅಷ್ಟರಲ್ಲಿ ಫೆರ್ಮಿನ್ ತುಟಿ ಸವರಿಕೊಂಡ. "ದೊರಾ, ಬಾಯಿ ಒಣಗ್ತಿದೆ. ಆ ನೀರು ತಂದಿದೀಯಾ?"

ತರದೆ ಇರುತ್ತಾಳೆಯೆ? ಚೀಲದಿಂದ ಗಾಜಿನ ಸೀಸೆ ಹೊರಬಂತು.

"ಅದೇನು?" ಎಂದಳು ಡಾಕ್ಟರಮ್ಮ.

"ಔಷಧಿ ಅಲ್ಲ ಡಾಕ್ಟ್ರಮ್ಮ. ಸುಮ್ನೆ ಮೆಗ್ನೀಸಿಯಂ ನೀರು. ಶಕ್ತಿಗೆ."

"ಮನೇಲೂ ಕುಡಿತಿದ್ರಾ?"

ಫೆರ್ಮಿನ್ ಮಗುವಿನ ಹಾಗೆ ನಕ್ಕ. "ಕುಡಿಯೋದೇನು, ಮಾತ್ರೆ ನುಂಗ್ತಿದ್ದದ್ದೇ ಇದರಲ್ಲಿ. ಹೊಟ್ಟೆ ಉರೀಬಾರ್ದು ಅಂತ ಇವಳೇ ಕೊಡ್ತಿದ್ಲು."

ಡಾಕ್ಟರಮ್ಮ ಕಾಗದವನ್ನು ಮಂಚದ ಮೇಲೆ ಇಟ್ಟಳು. ಯಾನೆತ್ ಕೈಯಲ್ಲಿದ್ದ ಫ್ಲಾಸ್ಕಿನ ಮುಚ್ಚಳವನ್ನು ಮುಚ್ಚಿದಳು, ಮತ್ತೆ ತೆಗೆದಳು, ಮತ್ತೆ ಮುಚ್ಚಿದಳು.

"ಅಯ್ಯೋ ನಿಮ್ಮ!" ಎಂದಳು ಡಾಕ್ಟರಮ್ಮ. "ಈ ಮಾತ್ರೆನೂ ಮೆಗ್ನೀಸಿಯಮ್ಮೂ ಹೊಟ್ಟೇಲಿ ಒಟ್ಟಿಗೆ ಸೇರಿದ್ರೆ ಒಂದನ್ನೊಂದು ಗಟ್ಟಿಯಾಗಿ ಹಿಡ್ಕೊಂಡು ಬಿಡತ್ತೆ. ಮಾತ್ರೆ ರಕ್ತಕ್ಕೆ ಸರಿಯಾಗಿ ಸೇರೋದೇ ಇಲ್ಲ. ಹಾಗೇ ಹೊರಗೆ ಹೋಗತ್ತೆ. ಇಷ್ಟು ದಿನ ಇವರು ಔಷಧಿ ನುಂಗಿದ್ರೂ ಒಂದೇ, ಬಿಟ್ಟಿದ್ರೂ ಒಂದೇ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಅವೂ ಹೀಗೇ. ಇನ್ನು ಮೂತ್ರಪಿಂಡ ಹೀಗಿರುವಾಗ ಈ ನೀರು ಒಂದು ಹನಿನೂ ಕೂಡದು." ಆಮೇಲೆ ಅವಳ ಕಣ್ಣು ಯಾನೆತ್‌ಳ ಬಿಳಿ ಅಂಗಿಯ ಮೇಲೆ, ಜೇಬಿನ ಮೇಲಿನ ಅಂಗಡಿಯ ಹೆಸರಿನ ಮೇಲೆ ಬಿತ್ತು. "ನೀವು ಔಷಧಿ ಅಂಗಡೀಲಿದ್ದೀರಲ್ಲ? ಮಾತ್ರೆ ಕೊಡುವಾಗ ಕೇಳ್ಬೇಕು ಅಂತ ಗೊತ್ತಿಲ್ವಾ? ಒಂದು ಜೀವ ಹೋಗ್ತಿತ್ತಲ್ರೀ!"

ವಾರ್ಡಿನ ಎಲ್ಲ ಮಂಚಗಳವರೂ ಇತ್ತ ತಿರುಗಿದ್ದರು. ದೊರಾಲಿಸಾ ಕಾದಳು. ಈಗ ಇವಳು ಬಾಯಿ ತೆರೆಯುತ್ತಾಳೆ, ಕುಂಡದ ಗಿಡದಿಂದ ಹಿಡಿದು ಭಾನುವಾರದ ಬೆಂಚಿನವರೆಗೆ ಎಲ್ಲ ಹೇಳುತ್ತಾಳೆ. ಹೇಳಲಿ, ಹೇಳಿಬಿಡಲಿ ಎಂದೇ ಅವಳಿಗೂ ಅನ್ನಿಸಿತು.

"ಗೊತ್ತು ಡಾಕ್ಟ್ರೇ," ಎಂದಳು ಯಾನೆತ್. "ಅಂಗಡೀಲಿ ಎಲ್ರನ್ನೂ ಕೇಳ್ತೀನಿ. ಮನೇಲಿ ಕೇಳ್ಲಿಲ್ಲ. ಆ ಸೀಸೆ ದಿನಾ ಕಣ್ಣೆದುರಿಗೇ ಇತ್ತು. ತಪ್ಪು ನಂದು."

ಅಷ್ಟೇ. ಅತ್ತೆಯ ಹೆಸರು ಅವಳ ಬಾಯಿಂದ ಬರಲಿಲ್ಲ. ದೊರಾಲಿಸಾ ಸೀಸೆಯನ್ನು ಚೀಲಕ್ಕೆ ವಾಪಸು ತುರುಕಿದಳು. ಬೈಸಿಕೊಂಡು ಗೊತ್ತು ಅವಳಿಗೆ, ಬೈದೂ ಗೊತ್ತು. ತಾನು ಮಾಡಿದ್ದಕ್ಕೆ ಇನ್ನೊಬ್ಬಳು ತಲೆ ತಗ್ಗಿಸಿ ನಿಲ್ಲುವುದನ್ನು ನೋಡಿ ಗೊತ್ತಿರಲಿಲ್ಲ. ಭೂಮಿ ಬಾಯಿ ಬಿಡಬಾರದೆ ಎನ್ನುವ ಮಾತು ಅವಳು ಎಷ್ಟೋ ಸಲ ಆಡಿದ್ದಳು, ಅದರ ಅರ್ಥ ಅವತ್ತು ತಿಳಿಯಿತು. ಯಾನೆತ್ ಫ್ಲಾಸ್ಕು ಎತ್ತಿಕೊಂಡು ಹೊರಟಾಗ ಹಿಂದೆಯೇ ಓಡಿದಳು.

"ಯಾನೆತ್... ನಾನು..."

"ಬಸ್ಸು ತಪ್ಪತ್ತೆ," ಎಂದಳು ಯಾನೆತ್, ತಿರುಗದೆಯೇ.

ಫೆರ್ಮಿನ್ ಮನೆಗೆ ಬಂದ ಮೇಲಿನ ಭಾನುವಾರ ಖಾನಾವಳಿ ಮತ್ತೆ ತುಂಬಿತು. ಎಲ್ಲರೂ ಒಳಗೆ ಇಣುಕಿ ಅವನ ಕೈ ಕುಲುಕಿ ಬಂದರು. ಅದೇ ಬೆಂಚುಗಳು, ಅದೇ ಮುಖಗಳು. ಗೂಟದಲ್ಲಿ ಏಪ್ರನ್ನು ಅದೇ ಭಾನುವಾರದಿಂದ ನೇತಾಡುತ್ತಿತ್ತು. ಹೇಳಬೇಕಾದರೆ ಇವತ್ತೇ ಎಂದು ದೊರಾಲಿಸಾ ಬೆಳಿಗ್ಗೆ ಏಳುವಾಗಲೇ ಗಟ್ಟಿ ಮಾಡಿಕೊಂಡಿದ್ದಳು.

ರೂಫಿನಾ ಅವಳಿಗೆ ದಾರಿಯನ್ನೇ ಮಾಡಿಕೊಟ್ಟಳು. "ನಿನ್ನ ಸಲುವಾಗಿ ಓಣಿಯವರು ಯಾರೂ ನಿನ್ನ ಸೊಸೆ ಕಿಟಕಿಗೆ ಹೋಗ್ತಿಲ್ಲ ದೊರಾ. ಎಲ್ಲ ಆ ಕಡೆ ಕಿಟಕಿ ಹುಡುಗಿ ಹತ್ರ ಸಾಲು ನಿಲ್ತೀವಿ. ಇವಳು ಗಾಜು ಒರೆಸ್ಕೊಂಡು ಕೂತಿರ್ತಾಳೆ. ಮಾಲೀಕ ಹೇಳಿದಾನಂತೆ, ಈ ತಿಂಗಳು ನೋಡ್ತೀನಿ, ಇಲ್ಲಾಂದ್ರೆ ಬೇರೆ ಕೆಲ್ಸ ನೋಡ್ಕೋ ಅಂತ. ಹಾಗೇ ಆಗ್ಬೇಕು!"

ಬೆಂಚಿನವರು ಹೌದು ಹೌದು ಎಂದರು. ದೊರಾಲಿಸಾ ಬಾಯಿ ತೆರೆದಳು. ಇಪ್ಪತ್ತು ಜನ ಗಿರಾಕಿಗಳು ಅವಳ ಬಾಯಿಯನ್ನೇ ನೋಡುತ್ತಿದ್ದರು. ಅವರಲ್ಲಿ ಹತ್ತು ಜನರಾದರೂ ಅವಳ ಕೈಯಿಂದ ಸೀಸೆ ತುಂಬಿಸಿಕೊಂಡವರು.

"ಸೋಂಪಿನ ಸಾರಾಯಿ ಹಾಕ್ಲಾ ಒಂದೊಂದು ಗುಟುಕು?" ಎಂದಳು.

ಗಿರಾಕಿಗಳು ಹೋದ ಮೇಲೆ ಮಡಕೆ ತಿಕ್ಕುತ್ತಿದ್ದವಳ ಹಿಂದೆ ಫೆರ್ಮಿನ್ ಗೋಡೆ ಹಿಡಿದುಕೊಂಡು ಬಂದು ನಿಂತ. ವಿಲ್ಬೆರ್ ಮೇಜು ಒರೆಸುತ್ತಿದ್ದ.

"ಹೇಳ್ಲಿಲ್ಲ ನೀನು," ಎಂದ ಫೆರ್ಮಿನ್.

"ಏನನ್ನ?"

"ನಂಗೆ ಮೂತ್ರಪಿಂಡ ಕೆಟ್ಟಿದೆ, ಕಿವಿ ಕೆಟ್ಟಿಲ್ಲ. ಮಾತ್ರೆ ಸರಿಯಾಗೇ ಇತ್ತು, ಕೆಡಿಸಿದ್ದು ನಮ್ಮ ನೀರು ಅಂತ ಹೇಳೋಕೆ ನಿನ್ನ ಬಾಯಿಗೇನು ಬೀಗ ಬಿದ್ದಿತ್ತಾ? ಬೈಯೋವಾಗ ಬಾಯಿ ಬೊಂಬಾಯಿ!"

ವಿಲ್ಬೆರನ ಕೈಯ ಬಟ್ಟೆ ನಿಂತಿತು. "ಏನಂದ್ರಿ? ಮಾತ್ರೆ ಸರಿ ಇತ್ತಾ?"

ದೊರಾಲಿಸಾ ಮಡಕೆಯನ್ನು ಇನ್ನೂ ಜೋರಾಗಿ ತಿಕ್ಕತೊಡಗಿದಳು. ಅದೇ ಉತ್ತರವಾಯಿತು.

"ಯಾವಾಗಿಂದ ಗೊತ್ತು ನಿಮಗೆ?"

"ಆಸ್ಪತ್ರೇಲೇ," ಎಂದಳು ದೊರಾಲಿಸಾ, ಮಡಕೆಯೊಳಗೆ ಮುಖವಿಟ್ಟು. "ಸೊಸೆನೇ ತಪ್ಪು ತನ್ನದು ಅಂದ್ಲು ಕಣೋ. ನಾನೇನು ಮಾಡ್ಲಿ?"

"ಅವಳು ಅಂದ್ಲು ಅಂತ ನೀನು ಸುಮ್ನಿದ್ಯಾ? ನಂಗೂ ಹೇಳ್ಲಿಲ್ಲ ಅವಳು!" ವಿಲ್ಬೆರನ ದನಿ ಏರಿತು, ಅಲ್ಲೇ ಇಳಿಯಿತು. "ನಿನ್ನನ್ನೇನು ಅನ್ನೋದು ಅಮ್ಮ. ಅವತ್ತು ಅವಳು ನನ್ನ ಮುಖ ನೋಡಿದ್ಲು. ನಾನು ಬ್ರೆಡ್ ಅದ್ಕೊಂಡು ಕೂತಿದ್ದೆ. ಥೂ ನನ್ನ ಜನ್ಮಕ್ಕೆ."

ಆ ಮಧ್ಯಾಹ್ನವೇ ವ್ಯಾನು ತೆಗೆದುಕೊಂಡು ಹೆಂಡತಿಯ ತವರಿಗೆ ಹೋದ. ಹೊತ್ತು ಮುಳುಗುವ ಮುಂಚೆ ತಿರುಗಿ ಬಂದವನಿಗೆ ದೊರಾಲಿಸಾ ಸೂಪು ಬಡಿಸಿದಳು. ಅವನು ಚಮಚ ಮುಟ್ಟಲಿಲ್ಲ.

"ಗೇಟಲ್ಲೇ ನಿಲ್ಲಿಸಿ ಮಾತಾಡಿಸಿದ್ಲು."

"ಏನಂದ್ಲು?"

"ಮನೇಲಿ ಆಡಿದ ಮಾತಾದ್ರೆ ಮನೇಲೇ ಸರಿ ಮಾಡ್ಕೋಬಹುದು, ಬೀದೀಲಿ ಆಡಿದ್ದನ್ನ ಏನು ಮಾಡೋದು, ನೀನೇ ಹೇಳು ಅಂದ್ಲು. ನಾನೇನು ಹೇಳ್ಲಿ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದೊರಾಲಿಸಾ ತಟ್ಟೆ ತೆಗೆಯಲೂ ಏಳದೆ ಕೂತುಬಿಟ್ಟಳು. ಮರುದಿನ ಬೆಳಿಗ್ಗೆ ಮಸಾಲೆ ರುಬ್ಬುವಾಗ ಕೈ ನಿಂತು ನಿಂತು ಹೋಗುತ್ತಿತ್ತು. ಫೆರ್ಮಿನನ ಮಾತ್ರೆ ಅವತ್ತಿಗೆ ಮುಗಿಯುತ್ತಿತ್ತು. ಆಸ್ಪತ್ರೆಯವರು ಇನ್ನೂ ಕೆಲವು ದಿನ ನುಂಗಲು ಹೇಳಿದ್ದರು. ಅದೇ ಮಾತ್ರೆ. ಬರೀ ನೀರಿನಲ್ಲಿ ನುಂಗುತ್ತಿದ್ದಾನೆ, ಉರಿ ಇಲ್ಲ, ಜ್ವರ ಇಲ್ಲ, ನಿನ್ನೆ ಎರಡು ಸಲ ಬಡಿಸಿಕೊಂಡು ಉಂಡಿದ್ದಾನೆ. ಅವನು ತುತ್ತು ನುಂಗಿದಾಗಲೆಲ್ಲ ಅವಳಿಗೆ ಸಂತೋಷವೂ ಆಗುತ್ತಿತ್ತು, ಕಪಾಳಕ್ಕೆ ಹೊಡೆದಂತೆಯೂ ಆಗುತ್ತಿತ್ತು.

"ವಿಲ್ಬೆರ್ ತರ್ತಾನೆ ಬಿಡು," ಎಂದ ಫೆರ್ಮಿನ್, ಅವಳು ಶಾಲು ಹೊದೆಯುವುದನ್ನು ನೋಡಿ.

"ಬೇಡ. ನಾನೇ ಹೋಗ್ತೀನಿ."

ಔಷಧಿ ಅಂಗಡಿಯಲ್ಲಿ ಸೋಮವಾರದ ಜನ. ಎರಡು ಕಿಟಕಿಗಳು. ಒಂದರ ಮುಂದೆ ಸಾಲು ಬಾಗಿಲಿನವರೆಗೆ ಬಂದಿತ್ತು, ಅದರ ಮಧ್ಯದಲ್ಲಿ ರೂಫಿನಾ. ಇನ್ನೊಂದರ ಮುಂದೆ ಯಾರೂ ಇಲ್ಲ. ಅದರ ಹಿಂದೆ ಯಾನೆತ್ ಒಣಗಿದ ಬಟ್ಟೆಯಿಂದ, ಆಗಲೇ ಲಕಲಕ ಎನ್ನುತ್ತಿದ್ದ ಗಾಜನ್ನು ಒರೆಸುತ್ತಿದ್ದಳು. ಹಿಂದಿನ ಮೇಜಿನಲ್ಲಿ ಮಾಲೀಕ ಕೂತಿದ್ದ.

"ಬಾ ದೊರಾ, ನನ್ನ ಮುಂದೆ ನಿಂತ್ಕೋ," ಎಂದು ರೂಫಿನಾ ಜಾಗ ಬಿಟ್ಟಳು.

ದೊರಾಲಿಸಾ ಸಾಲನ್ನು ದಾಟಿ ಖಾಲಿ ಕಿಟಕಿಯ ಮುಂದೆ ಹೋಗಿ ನಿಂತಳು. ಅಂಗಡಿಯಲ್ಲಿ ಗುಸುಗುಸು ಎದ್ದು ಅಡಗಿತು. ಎರಡನೇ ಸುತ್ತಿನ ಜಗಳಕ್ಕೆ ಎಲ್ಲರೂ ಕಿವಿ ನಿಮಿರಿಸಿಕೊಂಡರು. ಅವಳು ಡಾಕ್ಟರ ಚೀಟಿಯನ್ನು ಗಾಜಿನ ಕೆಳಗೆ ತಳ್ಳಿದಳು.

ಯಾನೆತ್ ಚೀಟಿ ಓದಿದಳು. ಎದ್ದು ಹೋಗಿ ಡಬ್ಬಿ ತಂದಳು. ಬೇರೆ ಗಿರಾಕಿಗಳನ್ನು ನೋಡುವ ಹಾಗೆಯೇ ಇವಳನ್ನೂ ನೋಡಿದಳು.

"ಇದರ ಜೊತೆ ಬೇರೆ ಏನಾದ್ರೂ ತಗೊಳ್ತಾ ಇದಾರಾ ಅಮ್ಮ?"

ಅಮ್ಮ. ಬೀದಿಯಲ್ಲಿ ಹೋಗುವ ಯಾರಿಗಾದರೂ ಅನ್ನುವ ಹಾಗೆ. ಇಲ್ಲ ಎಂದರೆ ಮುಗಿಯಿತು, ದುಡ್ಡು ಕೊಟ್ಟು ಮನೆಗೆ ಹೋಗಬಹುದು. ಇಲ್ಲ ಎನ್ನುವುದು ಈಗ ನಿಜವೂ ಹೌದು.

"ತಗೊಳ್ತಿದ್ರು," ಎಂದು ದೊರಾಲಿಸಾ ಗೊಣಗಿದಳು. ಕೆಮ್ಮಿ, ಖಾನಾವಳಿಯಲ್ಲಿ ಆರ್ಡರು ಕೂಗುವ ದನಿಯಲ್ಲಿ ಹೇಳಿದಳು: "ತಗೊಳ್ತಿದ್ರು! ನಾನೇ ಕೊಡ್ತಿದ್ದೆ. ಮೆಗ್ನೀಸಿಯಂ ನೀರು. ಪ್ರತಿ ಮಾತ್ರೆನೂ ಅದರಲ್ಲೇ ನುಂಗಿಸ್ದೆ. ಆ ನೀರು ಮಾತ್ರೆನ ಹೊಟ್ಟೇಲೇ ಹಿಡಿದಿಟ್ಕೊಂಡು ಬಿಡತ್ತಂತೆ, ದೊಡ್ಡಾಸ್ಪತ್ರೇಲಿ ಹೇಳಿದ್ರು. ನೀನು ಕೊಟ್ಟ ಮಾತ್ರೆ ನಕಲಿ ಅಲ್ಲ. ಚೆನ್ನಾಗೇ ಇತ್ತು. ಕೆಟ್ಟದ್ದು ನನ್ನ ನೀರು, ನನ್ನ ಬಾಯಿ. ಅಷ್ಟು ಜನದ ಮುಂದೆ ಅಂದೆ, ಇಷ್ಟು ಜನದ ಮುಂದೆ ಹೇಳ್ತಿದೀನಿ."

ಸಾಲಿನಲ್ಲಿ ಯಾರೋ ಕೆಮ್ಮಿದರು. ಮಾಲೀಕ ತಲೆಯೆತ್ತಿದ. ಯಾನೆತ್‌ಳ ಕಣ್ಣಂಚು ಕೆಂಪಾಗಿತ್ತು. ಆದರೆ ಅವಳು ಕೆಲಸ ನಿಲ್ಲಿಸಲಿಲ್ಲ, ಡಬ್ಬಿಯ ಮೇಲೆ ಪೆನ್ನಿನಿಂದ ನುಂಗುವ ಹೊತ್ತು ಬರೆಯತೊಡಗಿದಳು.

"ಈಗ?"

"ಈಗ ಇಲ್ಲ. ನಿನ್ನೆ ರಾತ್ರಿ ಪುಡಿನೆಲ್ಲ ಚೆಲ್ಲಿದೀನಿ."

"ಹಾಲು, ಮೊಸರಿನ ಜೊತೆಗೂ ನುಂಗಿಸ್ಬೇಡಿ. ನೀರು ಜಾಸ್ತಿ ಕುಡೀಲಿ, ಬರೀ ನೀರು."

ದೊರಾಲಿಸಾ ದುಡ್ಡು ಕೊಟ್ಟು ತಿರುಗಿದಳು. ಯಾರ ಮುಖವನ್ನೂ ನೋಡಲಾಗದೆ ನೆಲ ನೋಡಿಕೊಂಡೇ ಬಾಗಿಲ ಕಡೆ ನಡೆದಳು. ಸಾಲಿನಿಂದ ಒಬ್ಬರೂ ಕದಲಲಿಲ್ಲ. ಅವಳು ಹೊಸ್ತಿಲು ದಾಟುವಷ್ಟರಲ್ಲಿ ಮೊದಲ ಕಿಟಕಿಯಲ್ಲಿ ರೂಫಿನಾಳ ಸರದಿ ಬಂದಿತ್ತು. ಅಲ್ಲಿನ ಹುಡುಗಿ ಏನೂ ಕೇಳದೆ ಡಬ್ಬಿಯೊಂದನ್ನು ಚೀಲಕ್ಕೆ ಹಾಕುತ್ತಿದ್ದಳು. ಬಣ್ಣ ನೋಡಿಯೇ ದೊರಾಲಿಸಾಳಿಗೆ ಗುರುತು ಸಿಕ್ಕಿತು. ಫೆರ್ಮಿನನದೇ ಮಾತ್ರೆ.

"ನಿಲ್ಲೇ ರೂಫಿನಾ! ಆ ಕಿಟಕೀಲಲ್ಲ, ಈ ಕಿಟಕಿಗೆ ಬಾ."

"ಅಯ್ಯೋ, ಎರಡರಲ್ಲೂ ಅದೇ ಮಾತ್ರೆ ಅಲ್ವೇನೆ?"

"ಬಾ ಅಂದ್ರೆ ಬಾ!" ಎಂದು ತೋಳು ಹಿಡಿದು ಎಳೆದು ತಂದು ಯಾನೆತ್‌ಳ ಎದುರು ನಿಲ್ಲಿಸಿದಳು. ರೂಫಿನಾ ಮುಜುಗರದಿಂದ ಚೀಲ ಮುಂದೆ ಮಾಡಿದಳು.

ಯಾನೆತ್ ಡಬ್ಬಿ ತೆಗೆದು ನೋಡಿದಳು. "ಇದರ ಜೊತೆ ಬೇರೆ ಏನಾದ್ರೂ ತಗೊಳ್ತಾ ಇದೀರಾ?"

"ಏನೂ ಇಲ್ಲಮ್ಮ," ಎಂದಳು ರೂಫಿನಾ.

"ಸುಳ್ಳು!" ದೊರಾಲಿಸಾ ಕಿಟಕಿಯ ಕಟ್ಟೆಗೆ ಕೈ ಬಡಿದಳು. "ಮೊನ್ನೆ ಶುಕ್ರವಾರ ನಮ್ಮನೇಲಿ ಸೀಸೆ ತುಂಬಿಸ್ಕೊಂಡು ಹೋದ್ಲು. ಕೇಳು, ಇನ್ನೊಂದ್ಸಲ ಕೇಳು ಅವಳನ್ನ. ಬಾಯಿಬಿಡೋ ತನಕ ಬಿಡ್ಬೇಡ!"

ಸಾಲಿನಲ್ಲಿ ನಿಂತಿದ್ದ ಮುದುಕನೊಬ್ಬ ತನ್ನ ಜೇಬಿನ ಚೀಟಿಯನ್ನು ತೆಗೆದು ನೋಡಿಕೊಂಡು, ಸದ್ದಿಲ್ಲದೆ ಬಂದು ರೂಫಿನಾಳ ಹಿಂದೆ ನಿಂತ. ಅವನ ಹಿಂದೆ ಇನ್ನೊಬ್ಬಳು ಬಂದಳು.

"ಅತ್ತೆ," ಎಂದಳು ಯಾನೆತ್, ಡಬ್ಬಿಯಿಂದ ಕಣ್ಣೆತ್ತದೆ, "ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ. ಜನ ಇದಾರೆ."

ದೊರಾಲಿಸಾ ಶಾಲು ಸರಿಮಾಡಿಕೊಂಡು ಪಕ್ಕಕ್ಕೆ ಸರಿದು ನಿಂತಳು.